ಚಿತ್ರ ಬಿಡಿಸುವ ಕೆಲಸ ಯಾರದು? – ಗ್ರಾಫಿಕ್ಸ್ ಕಾರ್ಡು, ಎಮ್ಯುಲೇಟರು ಮತ್ತು ಮನೆಯ ಲ್ಯಾಪ್‌ಟಾಪು

ಹತ್ತನೆಯ ತರಗತಿಯ ಫಲಿತಾಂಶ ಪ್ರಕಟವಾಗುವ ಹೊತ್ತಿಗೆ ನಮ್ಮ ಕನ್ನಡ ಮಾಧ್ಯಮ ಶಾಲೆಗಳ ಹೆತ್ತವರಲ್ಲಿ ಹಲವರನ್ನು ಒಂದು ಪ್ರಶ್ನೆ ಕಾಡತೊಡಗುತ್ತದೆ. ಮಗುವಿಗೆ ಗಣಕಯಂತ್ರದಲ್ಲಿ ಆಸಕ್ತಿಯಿದೆ. ಶಾಲೆಯ ಲಿಟಲ್ ಕೈಟ್ಸ್ ಘಟಕದಲ್ಲಿ ಆನಿಮೇಶನ್, ಮೊಬೈಲ್ ಆ್ಯಪ್ ಮುಂತಾದುವುಗಳ ಪರಿಚಯವಾಗಿದೆ. ಇನ್ನು ಮನೆಯಲ್ಲಿಯೂ ಅಭ್ಯಾಸ ಮುಂದುವರಿಯಬೇಕಾದರೆ ಒಂದು ಲ್ಯಾಪ್‌ಟಾಪ್ ಬೇಕು. ಯಾವುದನ್ನು ಕೊಳ್ಳುವುದು? ಅಂಗಡಿಯಲ್ಲಿ ವಿಚಾರಿಸಿದರೆ, ‘ಸಾಫ್ಟ್‌ವೇರ್ ಮಾಡುವ ಮಕ್ಕಳಿಗೆ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ನಡೆಯುವುದಿಲ್ಲ’ ಎಂಬ ಉತ್ತರ ಬರುತ್ತದೆ. ಆ ಒಂದು ಕಾರ್ಡಿನಿಂದ ಬೆಲೆ ಹತ್ತಾರು ಸಾವಿರ ರೂಪಾಯಿಗಳಷ್ಟು ಮೇಲೇರುವುದುಂಟು. ಅಡಿಕೆಯ ಫಸಲನ್ನೋ ಬೀಡಿ ಕಟ್ಟಿದ ಕೂಲಿಯನ್ನೋ ನಂಬಿದ ಸಂಸಾರಕ್ಕೆ ಅದು ಸಣ್ಣ ಮೊತ್ತವಲ್ಲ. ಆದುದರಿಂದ ಆ ಮಾತಿನಲ್ಲಿ ಎಷ್ಟು ನಿಜವಿದೆ, ಎಷ್ಟು ವ್ಯಾಪಾರವಿದೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡುವುದು ಉಚಿತ.

ಮೊದಲು ಮೂಲ ವಿಷಯ. ಗಣಕಯಂತ್ರದ ಪರದೆಯೆಂದರೆ ಬಣ್ಣದ ಬಿಂದುಗಳ ಒಂದು ಹಾಸು. ಇಂದಿನ ಸಾಮಾನ್ಯ ಪರದೆಯಲ್ಲಿ ಉದ್ದಕ್ಕೆ 1920, ಅಗಲಕ್ಕೆ 1080, ಹೀಗೆ ಒಟ್ಟು 20,73,600 ಬಿಂದುಗಳಿರುತ್ತವೆ. ಚಲನೆಯು ಕಣ್ಣಿಗೆ ನಯವಾಗಿ ಕಾಣಬೇಕಾದರೆ ಸೆಕೆಂಡಿಗೆ 60 ಬಾರಿ ಈ ಚಿತ್ರವನ್ನು ಹೊಸದಾಗಿ ಬರೆಯಬೇಕು. ಎಂದರೆ ಒಂದು ಸೆಕೆಂಡಿನಲ್ಲಿ ಸುಮಾರು 12 ಕೋಟಿ 44 ಲಕ್ಷ ಬಿಂದುಗಳ ಬಣ್ಣವನ್ನು ನಿರ್ಣಯಿಸಬೇಕು. ಒಂದೊಂದು ಚಿತ್ರಕ್ಕೆ ದೊರೆಯುವ ಅವಧಿ ಒಂದು ಸೆಕೆಂಡಿನ ಅರುವತ್ತರಲ್ಲಿ ಒಂದು ಪಾಲು, ಸುಮಾರು 16.7 ಮಿಲಿಸೆಕೆಂಡು.

ಈ ಕೆಲಸವನ್ನು ಮಾಡಿಸಲು ಎರಡು ದಾರಿಗಳಿವೆ. ಯಂತ್ರದ ಮುಖ್ಯ ಸಂಸ್ಕಾರಕ, ಅಂದರೆ ಸಿಪಿಯು, ತನ್ನ ಉಳಿದೆಲ್ಲ ಕೆಲಸಗಳ ನಡುವೆ ಇದನ್ನೂ ಲೆಕ್ಕ ಹಾಕಿ ಮುಗಿಸುವುದು ಒಂದು ದಾರಿ. ಚಿತ್ರಕ್ಕೆಂದೇ ರೂಪಿಸಿದ ಜಿಪಿಯು ಎಂಬ ಭಾಗಕ್ಕೆ ಒಪ್ಪಿಸಿಬಿಡುವುದು ಇನ್ನೊಂದು. ಮೊದಲನೆಯದನ್ನು ತಂತ್ರಾಂಶ ಚಿತ್ರಣ ಅಥವಾ ಗ್ರಾಫಿಕ್ಸ್ ಎಮ್ಯುಲೇಶನ್ ಎನ್ನುತ್ತಾರೆ. ಇಲ್ಲದ ಜಿಪಿಯುವನ್ನು ತಂತ್ರಾಂಶವೇ ಅನುಕರಿಸುವುದರಿಂದ ಈ ಹೆಸರು. ಎರಡನೆಯದು ಯಂತ್ರಾಂಶ ವೇಗವರ್ಧನೆ, ಎಲ್ಲರೂ ಹೇಳುವ ಹಾರ್ಡ್‌ವೇರ್ ಆಕ್ಸಿಲರೇಶನ್.

ನಮ್ಮೂರ ತೋಟದ ಮನೆಯ ಅಂಗಳವನ್ನು ನೆನೆದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಮನೆಯ ಯಜಮಾನ ಲೆಕ್ಕ ಬರೆಯಬಲ್ಲ, ಪೇಟೆಗೆ ಹೋಗಿ ದರ ವಿಚಾರಿಸಬಲ್ಲ, ಕೆಟ್ಟ ಪಂಪನ್ನು ಬಿಚ್ಚಿ ಸರಿಪಡಿಸಬಲ್ಲ. ಬೇಕಾದರೆ ಕುಳಿತು ಅಡಿಕೆಯನ್ನೂ ಸುಲಿಯಬಲ್ಲ. ಆದರೆ ಒಣಗಿದ ಅಡಿಕೆಯೆಲ್ಲವನ್ನೂ ಅವನೊಬ್ಬನೇ ಸುಲಿಯುತ್ತ ಕುಳಿತರೆ ಮಳೆಗಾಲ ಬಂದರೂ ರಾಶಿ ಕರಗದು. ನಲುವತ್ತು ಮಂದಿ ಸುಲಿಯುವವರು ಸಾಲಾಗಿ ಕುಳಿತರೆ ಕೆಲಸ ಸಾಗುತ್ತದೆ. ಏಕೆಂದರೆ ಒಂದು ಅಡಿಕೆಯ ಸುಲಿತಕ್ಕೂ ಪಕ್ಕದ ಅಡಿಕೆಯ ಸುಲಿತಕ್ಕೂ ಸಂಬಂಧವಿಲ್ಲ. ಪರದೆಯ ಬಿಂದುಗಳೂ ಹಾಗೆಯೇ. ಜಿಪಿಯುವಿನಲ್ಲಿ ಇಂಥ ಸರಳ ಕೆಲಸಗಾರರು ನೂರಾರು, ಸಾವಿರಾರು ಮಂದಿ ಇರುತ್ತಾರೆ. ಹಾಗೆಂದು ಒಂದು ಬೊಗಸೆ ಅಡಿಕೆಗಾಗಿ ನಲುವತ್ತು ಮಂದಿಯನ್ನು ಕರೆಸುವವರಿಲ್ಲ. ಕರೆಸುವ, ಹಂಚುವ, ಮರಳಿ ಒಟ್ಟುಗೂಡಿಸುವ ಹೊತ್ತಿನಲ್ಲಿ ಯಜಮಾನನೇ ಸುಲಿದು ಮುಗಿಸಿರುತ್ತಾನೆ. ಗಣಕಯಂತ್ರದಲ್ಲಿಯೂ ಅಂಕಿಅಂಶಗಳನ್ನು ಜಿಪಿಯುವಿಗೆ ಸಾಗಿಸುವುದಕ್ಕೆ ಕಾಲ ತಗಲುತ್ತದೆ. ಸಣ್ಣ ಕೆಲಸದಲ್ಲಿ ಆ ಸಾಗಾಟವೇ ಭಾರವಾಗುವುದುಂಟು.

ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದೊಯ್ಯೋಣ. ನಾಲ್ಕು ಅಂತರಾಳಗಳುಳ್ಳ, 3 ಗಿಗಾಹರ್ಟ್ಸ್ ವೇಗದ ಸಿಪಿಯು ಒಂದು ಸೆಕೆಂಡಿನಲ್ಲಿ ಒಟ್ಟು 1,200 ಕೋಟಿ ಬಡಿತಗಳನ್ನು ಕೊಡುತ್ತದೆ. 12.44 ಕೋಟಿ ಬಿಂದುಗಳಿಗೆ ಹಂಚಿದರೆ ಬಿಂದುವೊಂದಕ್ಕೆ ಸುಮಾರು 96 ಬಡಿತ. ಬರಿಯ ಬಣ್ಣ ತುಂಬಲು ಇದು ಧಾರಾಳ. ನೆರಳು, ಬೆಳಕು, ಹಾಸುಹಾಸಾಗಿ ಮೇಲೆ ಮೇಲೆ ಬೀಳುವ ಚಿತ್ರಗಳು ಸೇರಿದರೆ ಸಾಲದು. ಅಲ್ಲದೆ ಆ ನಾಲ್ಕೂ ಅಂತರಾಳಗಳು ಚಿತ್ರವನ್ನೇ ಬಿಡಿಸುತ್ತ ಕುಳಿತರೆ ನಿಜವಾದ ತಂತ್ರಾಂಶವನ್ನು ನಡೆಸುವವರು ಯಾರು? ಮಗುವಿನ ಲ್ಯಾಪ್‌ಟಾಪಿನ ಫ್ಯಾನು ಮೊರೆಯುವುದೂ ಕೀಲಿ ಒತ್ತಿದ ಮೇಲೆ ಅಕ್ಷರ ತಡವಾಗಿ ಮೂಡುವುದೂ ಇಂಥ ಸಂದರ್ಭಗಳಲ್ಲಿಯೇ.

ಈ ಆಯ್ಕೆಯ ಪ್ರಶ್ನೆ ಹೊಸತಲ್ಲ. 1996ರ ಜೂನ್ ತಿಂಗಳಲ್ಲಿ ಅಮೆರಿಕದ ಟೆಕ್ಸಾಸ್‌ನ ಐಡಿ ಸಾಫ್ಟ್‌ವೇರ್ ಎಂಬ ಸಂಸ್ಥೆ ‘ಕ್ವೇಕ್’ ಎಂಬ ಆಟವನ್ನು ಹೊರತಂದಿತು. ಆ ಆಟದ ಗುಣದೋಷಗಳು ಇಲ್ಲಿ ಪ್ರಸ್ತುತವಲ್ಲ. ಅದರ ಚಿತ್ರಣದ ಕಥೆ ಮಾತ್ರ ತಿಳಿಯತಕ್ಕದ್ದು. ಜಾನ್ ಕಾರ್ಮ್ಯಾಕ್ ಮತ್ತು ಮೈಕೆಲ್ ಅಬ್ರಾಶ್ ಎಂಬಿಬ್ಬರು ಪೆಂಟಿಯಂ ಸಂಸ್ಕಾರಕದ ಒಂದೊಂದು ಬಡಿತವನ್ನೂ ಲೆಕ್ಕವಿಟ್ಟು ಅದರ ಚಿತ್ರಣ ಭಾಗವನ್ನು ಬರೆದರು. ದೂರದ ಗೋಡೆ ಚಿಕ್ಕದಾಗಿ, ಹತ್ತಿರದ್ದು ದೊಡ್ಡದಾಗಿ ಕಾಣಬೇಕಾದರೆ ಪ್ರತಿ ಬಿಂದುವಿಗೂ ಒಂದು ಭಾಗಾಕಾರ ಮಾಡಬೇಕು. ಭಾಗಾಕಾರವೋ ಬಹಳ ನಿಧಾನದ ಕೆಲಸ. ಅವರು 16 ಬಿಂದುಗಳಿಗೆ ಒಂದೇ ಬಾರಿ ಭಾಗಿಸಿ, ನಡುವಿನವುಗಳನ್ನು ಅಂದಾಜಿನಿಂದ ತುಂಬಿದರು. ಮುಂದಿನ ಭಾಗಾಕಾರ ಸಂಸ್ಕಾರಕದ ಒಂದು ಮೂಲೆಯಲ್ಲಿ ನಡೆಯುತ್ತಿರುವಾಗಲೇ ಇನ್ನೊಂದು ಮೂಲೆ ಈ 16 ಬಿಂದುಗಳನ್ನು ಬರೆದು ಮುಗಿಸುವಂತೆ ಹೊಂದಿಸಿದರು. ಗ್ರಾಫಿಕ್ಸ್ ಕಾರ್ಡಿನ ಸಹಾಯವೇ ಇಲ್ಲದೆ ಆ ಕಾಲದ ಮನೆಯ ಯಂತ್ರಗಳಲ್ಲಿ ಮೂರು ಆಯಾಮದ ಲೋಕವೊಂದು ಚಲಿಸಿತು. ಪರದೆಯ ಅಳತೆ ಮಾತ್ರ ಸಾಮಾನ್ಯವಾಗಿ 320 ಕ್ಕೆ 200, ಅಂದರೆ 64,000 ಬಿಂದುಗಳು.

1997ರ ಜನವರಿಯಲ್ಲಿ ಅದೇ ಆಟದ ಇನ್ನೊಂದು ರೂಪ, ‘ಜಿಎಲ್‌ಕ್ವೇಕ್’, ಬಂದಿತು. 3ಡಿಎಫ್ಎಕ್ಸ್ ಸಂಸ್ಥೆಯ ವೂಡೂ ಎಂಬ ಕಾರ್ಡ್ ಇದ್ದವರ ಯಂತ್ರದಲ್ಲಿ ಅದು 640 ಕ್ಕೆ 480, ಅಂದರೆ 3,07,200 ಬಿಂದುಗಳ ಪರದೆಯಲ್ಲಿ ಸರಾಗವಾಗಿ ಓಡಿತು. ಬಿಂದುಗಳು ಐದು ಪಟ್ಟಿಗೆ ಸಮೀಪ, ಚಿತ್ರವೂ ನಯ. ಯಂತ್ರಾಂಶದ ಗೆಲುವು ಅಂದೇ ನಿಶ್ಚಿತವಾಯಿತೆನ್ನಬಹುದು. 1999ರಲ್ಲಿ ಬಂದ ಅದೇ ಸಂಸ್ಥೆಯ ‘ಕ್ವೇಕ್ 3’ ಕಾರ್ಡ್ ಇಲ್ಲದ ಯಂತ್ರದಲ್ಲಿ ಓಡಲೇ ಇಲ್ಲ. ಆದರೂ ಒಂದು ಸೂಕ್ಷ್ಮ ಸಂಗತಿ ಉಳಿಯಿತು: ತಂತ್ರಾಂಶ ಚಿತ್ರಣದಲ್ಲಿದ್ದ ಕೆಲವು ಅಂದಗಳು, ನೀರಿನಡಿ ಇಳಿದಾಗ ಇಡೀ ದೃಶ್ಯ ತೊನೆದಾಡುವುದು, ಕತ್ತಲೆಯಲ್ಲಿಯೂ ಹೊಳೆಯುವ ಕೆಲವು ಬಣ್ಣಗಳು, ಮೊದಲ ಜಿಎಲ್‌ಕ್ವೇಕ್‌ನಲ್ಲಿ ಕಾಣೆಯಾದವು. ಅಂದಿನ ಕಾರ್ಡಿಗೆ ಅದರದೇ ಆದ ನಿಗದಿತ ಕೆಲಸಗಳಿದ್ದವು. ಅದರಾಚೆಗಿನದನ್ನು ಕೇಳಿದರೆ ಮಾಡುತ್ತಿರಲಿಲ್ಲ. ಸಿಪಿಯುವಾದರೋ ನಿಧಾನ, ಆದರೆ ಹೇಳಿದ್ದನ್ನೆಲ್ಲ ಮಾಡಬಲ್ಲುದು. ತಂತ್ರಾಂಶ ರಚಿಸುವವರು ಇಂದಿಗೂ ತೂಗಿ ನೋಡುವುದು ಇದನ್ನೇ.

ಇನ್ನು ನಮ್ಮ ಮಕ್ಕಳಿಗೆ ನೇರವಾಗಿ ತಟ್ಟುವ ಸಂದರ್ಭಕ್ಕೆ ಬರೋಣ. ಆಂಡ್ರಾಯ್ಡ್ ಆ್ಯಪ್ ರಚಿಸಲು ಕಲಿಯುವ ವಿದ್ಯಾರ್ಥಿ ‘ಆಂಡ್ರಾಯ್ಡ್ ಸ್ಟುಡಿಯೋ’ ಎಂಬ ತಂತ್ರಾಂಶವನ್ನು ಬಳಸುತ್ತಾನೆ. ಅದರೊಡನೆ ಎಮ್ಯುಲೇಟರ್ ಬರುತ್ತದೆ. ಇದು ಗಣಕಯಂತ್ರದೊಳಗೇ ನಡೆಯುವ ತೋರಿಕೆಯ ಫೋನು. ಆ ಫೋನಿಗೆ ತನ್ನದೇ ಜಿಪಿಯು ಇಲ್ಲ; ಚಿತ್ರ ಬಿಡಿಸುವ ಆಜ್ಞೆಗಳನ್ನು ಯಾರಾದರೂ ಪೂರೈಸಬೇಕು. ಅದರ ಹೊಂದಾಣಿಕೆಗಳಲ್ಲಿ ಗ್ರಾಫಿಕ್ಸ್ ಎಂಬ ಸಾಲಿನ ಎದುರು ಆಟೊಮ್ಯಾಟಿಕ್, ಹಾರ್ಡ್‌ವೇರ್, ಸಾಫ್ಟ್‌ವೇರ್ ಎಂಬ ಮೂರು ಪದಗಳು ಕಾಣುತ್ತವೆ. ಹಾರ್ಡ್‌ವೇರ್ ಎಂದು ಆರಿಸಿದರೆ ತೋರಿಕೆಯ ಫೋನಿನ ಆಜ್ಞೆಗಳು ನಿಜವಾದ ಲ್ಯಾಪ್‌ಟಾಪಿನ ಜಿಪಿಯುವಿಗೆ ದಾಟುತ್ತವೆ. ಸಾಫ್ಟ್‌ವೇರ್ ಎಂದರೆ ಸ್ವಿಫ್ಟ್‌ಶೇಡರ್ ಎಂಬ ತಂತ್ರಾಂಶ ಸಿಪಿಯುವಿನಲ್ಲಿಯೇ ಜಿಪಿಯುವಿನ ವೇಷ ಕಟ್ಟುತ್ತದೆ. ಗೂಗಲ್ ಸಂಸ್ಥೆ ಇದರ ಮೂಲ ಸಂಕೇತವನ್ನು 2016ರಲ್ಲಿ ಮುಕ್ತಗೊಳಿಸಿತು. ಆಂಡ್ರಾಯ್ಡ್‌ನ ಆರಂಭದ ವರ್ಷಗಳಲ್ಲಿ ಎಮ್ಯುಲೇಟರ್ ಎಂದರೆ ಆಮೆಯ ನಡಿಗೆಯೆಂದೇ ಪ್ರಸಿದ್ಧವಾಗಿತ್ತು. 2012ರಲ್ಲಿ ಜಿಪಿಯುವಿನ ನೆರವು ಸೇರಿದ ಮೇಲೆಯೇ ಅದಕ್ಕೆ ಚುರುಕು ಬಂದದ್ದು.

ಇಲ್ಲಿ ಅಂಗಡಿಯವರ ಮಾತಿನಲ್ಲಿರುವ ಗೊಂದಲ ಹೊರಬೀಳುತ್ತದೆ. ಹಾರ್ಡ್‌ವೇರ್ ಆಕ್ಸಿಲರೇಶನ್ ಬೇಕು ಎಂಬುದು ನಿಜ. ಅದಕ್ಕಾಗಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಕು ಎಂಬುದು ನಿಜವಲ್ಲ. ಇಂದಿನ ಲ್ಯಾಪ್‌ಟಾಪುಗಳ ಇಂಟೆಲ್ ಮತ್ತು ಎಎಂಡಿ ಸಂಸ್ಕಾರಕಗಳಲ್ಲಿ ಬಹುಪಾಲಿನವುಗಳೊಳಗೆ ಒಂದು ಸಣ್ಣ ಜಿಪಿಯು ಸೇರಿಕೊಂಡೇ ಬರುತ್ತದೆ. ಗುಂಡಿ, ಪಟ್ಟಿ, ಚಿತ್ರ, ಅಕ್ಷರಗಳುಳ್ಳ ಸಾಧಾರಣ ಆ್ಯಪನ್ನು ಎಮ್ಯುಲೇಟರಿನಲ್ಲಿ ನಡೆಸಲು ಅದು ಸಾಕು. ಸಾಲದೆ ಹೋಗುವುದು ಹೆಚ್ಚಾಗಿ ಸ್ಮೃತಿ, ಅಂದರೆ ರ‍್ಯಾಮ್. ಆಂಡ್ರಾಯ್ಡ್ ಸ್ಟುಡಿಯೋದ ಇತ್ತೀಚಿನ ಅಧಿಕೃತ ಸೂಚನೆಯಲ್ಲಿ ಸ್ಟುಡಿಯೋಕ್ಕೆ ಕನಿಷ್ಠ 8 ಜಿಬಿ, ಎಮ್ಯುಲೇಟರೂ ಬೇಕಾದರೆ 16 ಜಿಬಿ ಎಂದು ಕಾಣಿಸಲಾಗಿದೆ. 8 ಜಿಬಿ ಸ್ಮೃತಿಯುಳ್ಳ ಯಂತ್ರಕ್ಕೆ ದುಬಾರಿ ಕಾರ್ಡ್ ಜೋಡಿಸಿ ಕೊಡುವುದೆಂದರೆ ಅಂಗಳವಿಲ್ಲದ ಮನೆಗೆ ನಲುವತ್ತು ಮಂದಿ ಸುಲಿಯುವವರನ್ನು ಕರೆಸಿದಂತೆ. ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುವುದಾದರೆ, ಹೆಚ್ಚಿನ ಹಣವಿದ್ದರೆ ಮೊದಲು ರ‍್ಯಾಮಿಗೆ, ಬಳಿಕ ಎಸ್‌ಎಸ್‌ಡಿ ಎಂಬ ವೇಗದ ಸಂಗ್ರಹಕ್ಕೆ ಹೋಗಲಿ. ಕಾರ್ಡಿನ ಮಾತು ಕೊನೆಗಿರಲಿ.

ಇದರೊಡನೆ ಬೆರೆತುಹೋಗುವ ಇನ್ನೊಂದು ವಿಷಯವಿದೆ. ಎಮ್ಯುಲೇಟರ್ ಎಳೆಯುತ್ತಿದೆ ಎಂದಾಕ್ಷಣ ಗ್ರಾಫಿಕ್ಸ್‌ನ ಮೇಲೆ ತಪ್ಪು ಹೊರಿಸಬೇಕಾಗಿಲ್ಲ. ತೋರಿಕೆಯ ಫೋನಿನ ಆಜ್ಞೆಗಳನ್ನು ಸಿಪಿಯು ನೇರವಾಗಿ ನಡೆಸಬೇಕಾದರೆ ವರ್ಚುವಲೈಸೇಶನ್ ಎಂಬ ಸೌಲಭ್ಯ ತೆರೆದಿರಬೇಕು. ಹಲವು ಯಂತ್ರಗಳಲ್ಲಿ ಅದು ಇದ್ದೂ ಬಯೋಸ್ ಹೊಂದಾಣಿಕೆಯಲ್ಲಿ ಮುಚ್ಚಿರುತ್ತದೆ. ಅದನ್ನು ತೆರೆಯಲು ಒಂದು ರೂಪಾಯಿಯೂ ಖರ್ಚಿಲ್ಲ. ಹಾಗೆಯೇ ಎಮ್ಯುಲೇಟರಿಗೆ ಫೋನಿನ ಬಿಂಬವನ್ನು ಆರಿಸುವಾಗ ಇಂಟೆಲ್ ಅಥವಾ ಎಎಂಡಿ ಯಂತ್ರದಲ್ಲಿ ಎಕ್ಸ್86 ವರ್ಗದ ಬಿಂಬವನ್ನೇ ಆರಿಸಬೇಕು. ಆರ್ಮ್ ವರ್ಗದ್ದನ್ನು ಆರಿಸಿದರೆ ಪ್ರತಿ ಆಜ್ಞೆಯೂ ಅನುವಾದಗೊಳ್ಳುತ್ತ ಸಾಗಬೇಕಾಗುತ್ತದೆ. ಆಗ ಎಂಥ ಕಾರ್ಡ್ ಇದ್ದರೂ ಪ್ರಯೋಜನವಿಲ್ಲ. ತೋರಿಕೆಯ ಫೋನಿನ ಪರದೆಯನ್ನು 1080 ಕ್ಕೆ 1920ರ ಬದಲು 720 ಕ್ಕೆ 1280ಕ್ಕೆ ಇಳಿಸಿದರೆ ಬಿಂದುಗಳು 9,21,600ಕ್ಕೆ, ಅಂದರೆ ಅರ್ಧಕ್ಕಿಂತ ಕಡಮೆಗೆ ಇಳಿಯುತ್ತವೆ. ಜಿಪಿಯು ತೀರ ಹಳೆಯದಾಗಿರುವ ಮನೆಗಳಲ್ಲಿ ಈ ಒಂದು ಬದಲಾವಣೆಯಿಂದಲೇ ಕೆಲಸ ಸಾಗುವಂತಾಗಬಹುದು. ಈ ಹೊಂದಾಣಿಕೆಗಳೆಲ್ಲ ಇಂಗ್ಲಿಷಿನಲ್ಲಿರುತ್ತವೆ. ನಮ್ಮ ಮಕ್ಕಳು ಐಸಿಟಿ ಪಾಠವನ್ನು ಕನ್ನಡದಲ್ಲಿ ಓದಿ, ಮರುಕ್ಷಣ ಇಂಥ ಪುಟಗಳೆದುರು ನಿಲ್ಲುತ್ತಾರೆ. ಪದಗಳ ಅರ್ಥ ತಿಳಿಯದೆ ಕೈಚೆಲ್ಲುವವರೂ ಇದ್ದಾರೆ, ಯಂತ್ರವೇ ಸಾಲದೆಂದು ತೀರ್ಮಾನಿಸುವವರೂ ಇದ್ದಾರೆ.

ಹಾಗಾದರೆ ಸಾಫ್ಟ್‌ವೇರ್ ಎಂಬ ಆಯ್ಕೆಯಾದರೂ ಏಕಿರಬೇಕು? ಮೂರು ಸಂದರ್ಭಗಳಲ್ಲಿ ಅದೇ ಮೇಲು. ಜಿಪಿಯುವನ್ನು ನಡೆಸುವ ಡ್ರೈವರ್ ಹಳೆಯದಾಗಿ ಕೆಟ್ಟಿದ್ದರೆ ಎಮ್ಯುಲೇಟರ್ ತೆರೆದಾಗ ಕಪ್ಪು ಪರದೆಯಷ್ಟೇ ಕಾಣುತ್ತದೆ, ಇಲ್ಲವೇ ತಾನಾಗಿ ಮುಚ್ಚಿಕೊಳ್ಳುತ್ತದೆ. ಸಾಫ್ಟ್‌ವೇರ್ ಎಂದು ಬದಲಿಸಿದರೆ ನಿಧಾನವಾಗಿಯಾದರೂ ನಡೆಯುತ್ತದೆ. ದೂರದ ಯಂತ್ರವೊಂದನ್ನು ಅಂತರಜಾಲದ ಮೂಲಕ ಬಳಸುವಾಗ ಅಲ್ಲಿ ಜಿಪಿಯು ಇಲ್ಲದಿರುವುದೇ ಹೆಚ್ಚು. ಮೂರನೆಯದು ಪರೀಕ್ಷೆ, ನನಗೆ ಇದೇ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ಬೇರೆ ಬೇರೆ ಸಂಸ್ಥೆಗಳ ಜಿಪಿಯುಗಳು ಒಂದೇ ಆಜ್ಞೆಗೆ ತುಸು ಭಿನ್ನವಾದ ಬಿಂದುಗಳನ್ನು ಕೊಡಬಹುದು. ಗೆರೆಯ ಅಂಚು, ಬಣ್ಣದ ಛಾಯೆ ಕೂದಲೆಳೆಯಷ್ಟು ಬದಲಾಗಬಹುದು. ಒಂದೇ ತಂತ್ರಾಂಶ ಚಿತ್ರಣವನ್ನು ಎಲ್ಲರೂ ಬಳಸಿದರೆ ಯಾರ ಯಂತ್ರದಲ್ಲಿಯೂ ಒಂದೇ ಚಿತ್ರ ದೊರೆಯುತ್ತದೆ. ನಿನ್ನೆಯ ಚಿತ್ರವನ್ನೂ ಇಂದಿನದನ್ನೂ ಬಿಂದುವಿಗೆ ಬಿಂದು ಹೋಲಿಸಿ ಆ್ಯಪಿನಲ್ಲಿ ಏನು ಕೆಟ್ಟಿದೆಯೆಂದು ಕಂಡುಹಿಡಿಯುವ ರಚನಕಾರರಿಗೆ ಇದು ಅನಿವಾರ್ಯ.

ಆದರೆ ಎರಡೂ ಆಯ್ಕೆಗಳು ಸೇರಿ ಮರೆಮಾಚುವ ಒಂದು ದೋಷವಿದೆ. ಫೋನುಗಳ ಜಿಪಿಯು ವಿದ್ಯುತ್ತನ್ನು ಉಳಿಸುವ ಸಲುವಾಗಿ ಕೆಲವು ಲೆಕ್ಕಗಳನ್ನು 16 ಬಿಟ್ಟುಗಳ ಕಡಮೆ ನಿಖರತೆಯಲ್ಲಿ ಮಾಡುತ್ತದೆ. ಆ ಅಳತೆಯಲ್ಲಿ 2048ರ ವರೆಗಿನ ಪೂರ್ಣಾಂಕಗಳನ್ನಷ್ಟೇ ಒಂದೂ ಬಿಡದೆ ಸರಿಯಾಗಿ ಬರೆಯಬಹುದು. 2049 ಎಂದರೆ ಅದಕ್ಕೆ 2048ರಂತೆಯೇ ಕಾಣುತ್ತದೆ. ಲ್ಯಾಪ್‌ಟಾಪಿನ ಜಿಪಿಯು ಅದೇ ಲೆಕ್ಕವನ್ನು ಸಾಮಾನ್ಯವಾಗಿ 32 ಬಿಟ್ಟುಗಳಲ್ಲಿಯೇ ಮಾಡಿಬಿಡುತ್ತದೆ. ಆಟವೊಂದನ್ನು ರಚಿಸುವ ಹುಡುಗಿಗೆ ಎಮ್ಯುಲೇಟರಿನಲ್ಲಿ ಎಲ್ಲವೂ ಸರಿಯಾಗಿ ಕಾಣುತ್ತದೆ. ಅದನ್ನೇ ಅಮ್ಮನ ಅಗ್ಗದ ಫೋನಿಗೆ ಹಾಕಿದಾಗ ಚಿತ್ರ ನಡುಗುತ್ತದೆ, ಗೋಡೆಗಳ ನಡುವೆ ಬಿರುಕು ತೋರುತ್ತದೆ. ದೋಷ ಅಮ್ಮನ ಫೋನಿನದಲ್ಲ. ಅಂಥ ಫೋನೇ ನಿಜವಾದ ಪರೀಕ್ಷಾಶಾಲೆ.

ಕನ್ನಡದ ಮಕ್ಕಳು ಎದುರಿಸುವ ಮತ್ತೊಂದು ತೊಡಕನ್ನು ಇಲ್ಲಿ ಹೇಳಲೇಬೇಕು. ತಾನು ರಚಿಸಿದ ಆಟದಲ್ಲಿ ಕನ್ನಡದ ಒತ್ತಕ್ಷರಗಳು ಒಡೆದು ಕಾಣುತ್ತಿವೆ, ಆದುದರಿಂದ ಗ್ರಾಫಿಕ್ಸ್ ಕಾರ್ಡ್ ಬೇಕು ಎಂದು ನಂಬಿದ ವಿದ್ಯಾರ್ಥಿಗಳುಂಟು. ಇದು ಪೂರ್ಣ ತಪ್ಪು ತಿಳಿವಳಿಕೆ. ‘ಸ್ತ್ರೀ’ ಎಂಬ ಒಂದೇ ಅಕ್ಷರ ಗಣಕಯಂತ್ರದ ಒಳಗೆ ಸಕಾರ, ಹಲಂತ ಚಿಹ್ನೆ, ತಕಾರ, ಮತ್ತೆ ಹಲಂತ ಚಿಹ್ನೆ, ರಕಾರ, ಈಕಾರದ ಗುಣಿತ ಎಂಬ ಆರು ಸಂಕೇತಗಳ ಸರಣಿ. ‘ಸೂರ್ಯ’ ಎಂಬಲ್ಲಿ ಮೊದಲು ಬರುವ ರಕಾರ ಅರ್ಕಾವೊತ್ತಾಗಿ ಯಕಾರದ ಬಲಕ್ಕೆ ಸರಿಯಬೇಕು. ಈ ಜೋಡಣೆಯನ್ನು ಮಾಡುವುದು ಜಿಪಿಯುವಲ್ಲ. ಹಾರ್ಫ್‌ಬಜ್‌ನಂಥ ತಂತ್ರಾಂಶ ಸಿಪಿಯುವಿನಲ್ಲಿ ಈ ಕೆಲಸವನ್ನು ಮುಗಿಸಿದ ಮೇಲೆ, ಸಿದ್ಧವಾದ ಅಕ್ಷರರೂಪಗಳು ಮಾತ್ರ ಪರದೆಯತ್ತ ಹೋಗುತ್ತವೆ. ಗೊಡೊ ಎಂಬ ಉಚಿತ ಆಟ ನಿರ್ಮಾಣ ತಂತ್ರಾಂಶವನ್ನೇ ನೋಡಿ: 2023ರ ಮಾರ್ಚ್ ತಿಂಗಳಲ್ಲಿ ಬಂದ ಅದರ ನಾಲ್ಕನೆಯ ಆವೃತ್ತಿ ಹಾರ್ಫ್‌ಬಜ್ ಅನ್ನು ಅಳವಡಿಸಿಕೊಂಡಿತು, ಅದಕ್ಕೂ ಹಿಂದಿನ ಆವೃತ್ತಿಗಳಲ್ಲಿ ಕನ್ನಡ ಸರಿಯಾಗಿ ಕೂಡುತ್ತಿರಲಿಲ್ಲ. ಲಕ್ಷ ರೂಪಾಯಿಯ ಕಾರ್ಡ್ ಹಾಕಿದರೂ ಆ ಒತ್ತಕ್ಷರ ಕೂಡದು; ಹೊಸ ಆವೃತ್ತಿಯನ್ನು ಇಳಿಸಿಕೊಂಡರೆ ಹಣವಿಲ್ಲದೆ ಕೂಡುತ್ತದೆ. ಅಂದಹಾಗೆ, ಗೊಡೊದಲ್ಲಿ ಹೊಸ ಯೋಜನೆಯನ್ನು ತೆರೆಯುವಾಗಲೂ ಚಿತ್ರಣದ ಬಗೆಯನ್ನು ಕೇಳುತ್ತದೆ. ಹಳೆಯ ಯಂತ್ರವುಳ್ಳವರು ಕಂಪ್ಯಾಟಿಬಿಲಿಟಿ ಎಂಬುದನ್ನು ಆರಿಸುವುದು ಕ್ಷೇಮ. ಎರಡು ಆಯಾಮದ ಆಟಗಳಿಗೆ ಅದರಿಂದ ದೊಡ್ಡ ನಷ್ಟವೇನಿಲ್ಲ.

ಶಾಲೆಯ ಯಂತ್ರಗಳ ವಿಚಾರವೂ ಇದಕ್ಕೆ ಹೊಂದುತ್ತದೆ. ಕೇರಳದಲ್ಲಿ ಐಟಿ ಅಟ್ ಸ್ಕೂಲ್ ಎಂದು 2001ರಲ್ಲಿ ಆರಂಭವಾಗಿ 2017ರಲ್ಲಿ ಕೈಟ್ ಆದ ಸಂಸ್ಥೆ ಶಾಲೆಗಳಿಗೆ ಉಬುಂಟು ಆಧಾರಿತ ಮುಕ್ತ ತಂತ್ರಾಂಶವನ್ನು ಒದಗಿಸುತ್ತದೆ. ಉಬುಂಟುವಿನಂಥ ಲಿನಕ್ಸ್ ವ್ಯವಸ್ಥೆಗಳಲ್ಲಿ ಚಿತ್ರಣದ ತಳಹದಿ ಮೆಸಾ ಎಂಬ ತಂತ್ರಾಂಶ. ಬ್ರಯನ್ ಪಾಲ್ ಎಂಬವರು 1993ರಲ್ಲಿ ಇದನ್ನು ಬರೆಯತೊಡಗಿದಾಗ ಇದು ಬರಿಯ ಅನುಕರಣೆಯಾಗಿತ್ತು. ಬೆಲೆಬಾಳುವ ಯಂತ್ರಗಳ ಚಿತ್ರಣವನ್ನು ಸಾಧಾರಣ ಸಿಪಿಯುವಿನಲ್ಲಿ ಮಾಡಿ ತೋರಿಸುವುದು ಅದರ ಉದ್ದೇಶ. ಇಂದು ಲಿನಕ್ಸಿನಲ್ಲಿ ಇಂಟೆಲ್ ಮತ್ತು ಎಎಂಡಿ ಜಿಪಿಯುಗಳನ್ನು ನಡೆಸುವ ಮುಕ್ತ ಡ್ರೈವರುಗಳು ಅದೇ ಮೆಸಾದೊಳಗಿವೆ. ಅನುಕರಣೆಗಾಗಿ ಹುಟ್ಟಿದ್ದು ಯಂತ್ರಾಂಶದ ಸಾರಥಿಯಾಯಿತು. ಜಿಪಿಯು ದೊರೆಯದಾಗ ಮಾತ್ರ ಮೆಸಾದ ಎಲ್‌ಎಲ್‌ವಿಎಂಪೈಪ್ ಎಂಬ ಭಾಗ ಸಿಪಿಯುವಿನಿಂದ ಆ ಕೆಲಸ ಮಾಡಿಸುತ್ತದೆ. ಉಬುಂಟುವಿನ ಸೆಟ್ಟಿಂಗ್ಸ್‌ನಲ್ಲಿ ಯಂತ್ರದ ವಿವರಗಳ ಪುಟ ತೆರೆದು ಗ್ರಾಫಿಕ್ಸ್ ಎಂಬ ಸಾಲನ್ನು ನೋಡಿ. ಇಂಟೆಲ್, ಎಎಂಡಿ ಮುಂತಾದ ಹೆಸರಿದ್ದರೆ ಜಿಪಿಯು ಕೆಲಸ ಮಾಡುತ್ತಿದೆ. ಎಲ್‌ಎಲ್‌ವಿಎಂಪೈಪ್ ಎಂದಿದ್ದರೆ ಡ್ರೈವರ್ ಕೂತಿಲ್ಲ. ಹೊಸ ಯಂತ್ರ ಕೊಳ್ಳುವ ಮೊದಲು ಅದನ್ನು ಸರಿಪಡಿಸಿ ನೋಡಬೇಕು.

ಪ್ರತ್ಯೇಕ ಕಾರ್ಡ್ ನಿಜವಾಗಿ ಬೇಕಾಗುವವರೂ ಇದ್ದಾರೆ. ಬ್ಲೆಂಡರಿನಲ್ಲಿ ಮೂರು ಆಯಾಮದ ಆನಿಮೇಶನ್ ಮಾಡುವವರು, ದೊಡ್ಡ ಮೂರು ಆಯಾಮದ ಆಟಗಳನ್ನು ರಚಿಸುವವರು, ಯಂತ್ರಕಲಿಕೆಯ ಮಾದರಿಗಳನ್ನು ಮನೆಯಲ್ಲಿಯೇ ತರಬೇತುಗೊಳಿಸುವವರು. ಬ್ಲೆಂಡರಿನ ಸೈಕಲ್ಸ್ ಎಂಬ ಚಿತ್ರಣ ಭಾಗ ಸಿಪಿಯುವಿನಲ್ಲಿಯೂ ನಡೆಯುತ್ತದೆ. ಆದರೆ ರಾತ್ರಿಯಿಡೀ ಯಂತ್ರವನ್ನು ಓಡಿಸಿ ಕಾಯುವ ತಾಳ್ಮೆ ಬೇಕು. ಹನ್ನೊಂದನೆಯ ತರಗತಿಗೆ ಕಾಲಿಡುವ ಮಗು ಈ ಗುಂಪಿಗೆ ಸೇರಿದೆಯೇ ಎಂಬುದನ್ನು ಅಂಗಡಿಯಲ್ಲಿ ಕೇಳಿ ತಿಳಿಯುವುದಕ್ಕಿಂತ ಮಗುವನ್ನೇ ಕೇಳುವುದು ಲೇಸು.

ಲ್ಯಾಪ್‌ಟಾಪ್ ಸಾಧಾರಣವಾದುದೇ ಆಗಿದ್ದರೆ ಎಮ್ಯುಲೇಟರಿನ ಗೊಡವೆಯನ್ನೇ ಬಿಡುವ ದಾರಿಯೂ ಇದೆ. ಎಂಐಟಿ ಆ್ಯಪ್ ಇನ್ವೆಂಟರ್ ಬಳಸುವ ಮಕ್ಕಳಿಗೆ ಇದು ಗೊತ್ತಿದೆ: ಅದರ ಕಂಪ್ಯಾನಿಯನ್ ಆ್ಯಪನ್ನು ಫೋನಿನಲ್ಲಿ ತೆರೆದು ಕ್ಯುಆರ್ ಸಂಕೇತಕ್ಕೆ ಹಿಡಿದರೆ ತಮ್ಮ ರಚನೆ ಫೋನಿನಲ್ಲಿಯೇ ಮೂಡುತ್ತದೆ. ಆಂಡ್ರಾಯ್ಡ್ ಸ್ಟುಡಿಯೋದಲ್ಲಿಯೂ ಫೋನನ್ನು ಯುಎಸ್‌ಬಿ ತಂತಿಯಿಂದ ಜೋಡಿಸಬಹುದು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಎಂಬ ಸಾಲನ್ನು ಏಳು ಬಾರಿ ಒತ್ತಿದರೆ ರಚನಕಾರರ ಆಯ್ಕೆಗಳು ತೆರೆಯುತ್ತವೆ. ಅಲ್ಲಿ ಯುಎಸ್‌ಬಿ ಡೀಬಗಿಂಗ್ ಅನ್ನು ಆನ್ ಮಾಡಬೇಕು. ಆಗ ಚಿತ್ರ ಬಿಡಿಸುವ ಹೊರೆಯೆಲ್ಲ ಫೋನಿನ ಜಿಪಿಯುವಿನದು, ಲ್ಯಾಪ್‌ಟಾಪಿಗೆ ಸಂಕೇತ ಬರೆಯುವ ಮತ್ತು ಜೋಡಿಸುವ ಕೆಲಸವಷ್ಟೇ. ಮೂಲೆಯಲ್ಲಿ ಬಿದ್ದ ಹಳೆಯ ಫೋನಿದ್ದರೆ ಇದಕ್ಕೆ ಅದೇ ಒಳ್ಳೆಯದು. ತಂದೆ ತಾಯಿ ನಿತ್ಯ ಬಳಸುವ ಫೋನಾದರೆ ಕೆಲಸ ಮುಗಿದೊಡನೆ ಡೀಬಗಿಂಗ್ ಅನ್ನು ಆಫ್ ಮಾಡಿಡಬೇಕು. ಅದು ತೆರೆದಿರುವಾಗ ಕೆಲವು ಬ್ಯಾಂಕ್ ಆ್ಯಪುಗಳು ನಡೆಯಲು ಒಪ್ಪುವುದಿಲ್ಲ.